ಶಂಕುಸ್ಥಾಪನೆಯ ಶಂಕು, ಗಣಿತದ ಶಂಕು ಎರಡೂ ಒಂದೇನಾ?

ಪ್ರಶ್ನೆ: ನಮ್ಮೂರಲ್ಲಿ ಸಮುದಾಯ ಭವನಕ್ಕೆ ಶಂಕುಸ್ಥಾಪನೆ ಆಯ್ತು, ಅವತ್ತು ಶಂಖ ಊದಿದ್ರು. ಹತ್ತನೇ ಕ್ಲಾಸ್ ಮಗಳು ‘ಶಂಕು ಅಂದ್ರೆ ಐಸ್‌ಕ್ರೀಮ್ ಕೋನ್ ಥರದ್ದು, ಅದನ್ನ ಯಾಕಪ್ಪಾ ಹೂಳ್ತಾರೆ’ ಅಂತ ಕೇಳಿದ್ಲು. ನಾನು ಶಂಖಾನೇ ಶಂಕು ಅಂದ್ಕೊಂಡಿದ್ದೆ. ಯಾವುದು ಸರಿ?
– ಒಬ್ಬ ಓದುಗರು, ಹಾಸನ ಜಿಲ್ಲೆ

ಉತ್ತರ: ಮಗಳು ಕೇಳಿದ್ದು ತುಂಬಾ ಒಳ್ಳೆ ಪ್ರಶ್ನೆ. ಮೊದಲು ಶಂಖ ಪಕ್ಕಕ್ಕಿಡಿ, ಅದು ಬೇರೆ ಪದ. ಶಂಕು ಅಂದ್ರೆ ಗೂಟ ಕಣ್ರೀ, ನೆಲಕ್ಕೆ ಹೊಡೆಯೋ ಗೂಟ. ಮನೆ ಕಟ್ಟೋ ಜಾಗದಲ್ಲಿ ಮೊದಲ ಗೂಟ ನೆಡೋದೇ ಶಂಕುಸ್ಥಾಪನೆ, ಈಗ ಕಲ್ಲು ಇಡ್ತಾರೆ, ಹೆಸರು ಮಾತ್ರ ಹಾಗೇ ಉಳ್ಕೊಂಡಿದೆ.

ಆ ಗೂಟದಿಂದ ದೊಡ್ಡ ಕೆಲಸಾನೇ ಆಗ್ತಿತ್ತು. ಯಜ್ಞವೇದಿ ಕಟ್ಟೋ ಅಳತೆ ಹೇಳೋ ಹಳೇ ಗ್ರಂಥ ಕಾತ್ಯಾಯನ ಶುಲ್ಬಸೂತ್ರದಲ್ಲಿ ದಿಕ್ಕು ಹುಡುಕೋ ವಿಧಾನ ಇದೆ, ಸಮತಟ್ಟು ನೆಲದಲ್ಲಿ ಶಂಕು ನೆಟ್ಟು ಅದರಷ್ಟೇ ಉದ್ದದ ಹಗ್ಗದಲ್ಲಿ ಸುತ್ತ ವೃತ್ತ ಎಳೀಬೇಕು, ಬೆಳಿಗ್ಗೆ ನೆರಳಿನ ತುದಿ ವೃತ್ತ ಮುಟ್ಟಿದ ಕಡೆ ಒಂದು ಗುರುತು, ಮಧ್ಯಾಹ್ನದ ಮೇಲೆ ಮುಟ್ಟಿದ ಕಡೆ ಇನ್ನೊಂದು, ಎರಡನ್ನೂ ಸೇರಿಸಿದ್ರೆ ಪೂರ್ವ-ಪಶ್ಚಿಮ ಗೆರೆ ಸಿಕ್ತು. ಆಮೇಲಿನ ಖಗೋಳ ಪಂಡಿತರು 12 ಅಂಗುಲದ ಶಂಕು ಇಟ್ಕೊಂಡು ನೆರಳಿನಿಂದ ಊರಿನ ಅಕ್ಷಾಂಶಾನೇ ಲೆಕ್ಕ ಹಾಕ್ತಿದ್ರು. ಹಗಲು-ರಾತ್ರಿ ಸಮ ಇರೋ ದಿನ ನಡುಮಧ್ಯಾಹ್ನ ಬೆಂಗಳೂರಲ್ಲಿ ಅಂಥ ಶಂಕುವಿನ ನೆರಳು ಹೆಚ್ಚುಕಮ್ಮಿ ಎರಡೂಮುಕ್ಕಾಲು ಅಂಗುಲ ಬರುತ್ತೆ, ಮಗಳ ಜೊತೆ ಒಂದ್ಸಲ ಅಂಗಳದಲ್ಲಿ ಮಾಡಿ ನೋಡಿ.

ಗೂಟದ ತುದಿ ಚೂಪು ತಾನೆ, ಆ ಆಕಾರಕ್ಕೇ ನಮ್ಮ ಪಠ್ಯಪುಸ್ತಕದಲ್ಲಿ ಶಂಕು ಅಂತಾರೆ. ಹಳೇ ಗಣಿತದಲ್ಲಿ ಇದಕ್ಕೆ ಸೂಚಿ, ಅಂದ್ರೆ ಸೂಜಿ, ಅಂತಿದ್ರು, ಬ್ರಹ್ಮಗುಪ್ತ ಕ್ರಿ.ಶ. 628ರಲ್ಲೇ ಸೂಚಿಯ ಘನಫಲ ಅಂದ್ರೆ ಪಾದದ ವಿಸ್ತೀರ್ಣ ಇಂಟು ಎತ್ತರದ ಮೂರನೇ ಒಂದು ಪಾಲು ಅಂತ ಸರಿಯಾಗಿ ಹೇಳಿದ್ದಾನೆ. ಮಕ್ಕಳು ಕೋನ್ ಅನ್ನೋದನ್ನ ಕೋನ ಅಂತ ಬರೆದುಬಿಡ್ತಾರೆ, ಕೋನ ಅಂದ್ರೆ ಮೂಲೆಯ ಅಳತೆ, ಆ ತಪ್ಪಾಗದಂತೆ ನೋಡ್ಕೊಳಿ.

ಆದ್ರೆ ಮಗಳಿಗೆ ಶಂಕು ತೋರಿಸೋಕೆ ಐಸ್‌ಕ್ರೀಮ್ ಯಾಕೆ, ಕಣದಲ್ಲಿ ರಾಶಿ ಹಾಕಿದ ರಾಗಿ ತೋರಿಸಿ! ನನಗಂತೂ ಇದೇ ತುಂಬಾ ಇಷ್ಟ. 1150ರ ಲೀಲಾವತಿ ಅನ್ನೋ ಗಣಿತದ ಪುಸ್ತಕದಲ್ಲಿ ಭಾಸ್ಕರಾಚಾರ್ಯ ಧಾನ್ಯದ ರಾಶಿಗೇ ಒಂದು ಅಧ್ಯಾಯ ಇಟ್ಟಿದ್ದಾನೆ. ರಾಶಿಯ ಎತ್ತರ ಅಳೆಯೋದು ಕಷ್ಟ ಅಲ್ವಾ, ಕೋಲು ಚುಚ್ಚಿದ್ರೆ ಕಾಳು ಜರುಗುತ್ತೆ, ಅದಕ್ಕೆ ಸುತ್ತಳತೆ ಒಂದೇ ಸಾಕು ಅಂತಾನೆ, ದಪ್ಪ ಕಾಳಾದ್ರೆ ಎತ್ತರ ಸುತ್ತಳತೆಯ ಹತ್ತನೇ ಒಂದು, ಸಣ್ಣ ಕಾಳಾದ್ರೆ ಹನ್ನೊಂದನೇ ಒಂದು, ಮುಳ್ಳು-ಸುಂಕು ಇರೋ ಧಾನ್ಯಕ್ಕೆ ಒಂಬತ್ತನೇ ಒಂದು, ಯಾಕಂದ್ರೆ ಸಣ್ಣ ಕಾಳು ಬೇಗ ಜಾರಿ ಹರಡಿಕೊಳ್ಳುತ್ತೆ, ಸುಂಕು ಇರೋದು ಒಂದಕ್ಕೊಂದು ಸಿಕ್ಕಾಕೊಂಡು ಕಡಿದಾಗಿ ನಿಲ್ಲುತ್ತೆ. ಎಷ್ಟು ದಿನ ಕಣದಲ್ಲಿ ನಿಂತು ನೋಡಿರಬೇಕು ಹೇಳಿ! ಆಮೇಲೆ ಸುತ್ತಳತೆಯ ಆರನೇ ಒಂದನ್ನ ವರ್ಗ ಮಾಡಿ ಎತ್ತರದಿಂದ ಗುಣಿಸು ಅಂತಾನೆ. ನಿಮ್ಮ ರಾಗಿ ರಾಶಿ ಸುತ್ತ 33 ಅಡಿ ಇದ್ರೆ ಎತ್ತರ 3 ಅಡಿ, 33ರ ಆರನೇ ಒಂದು ಐದೂವರೆ, ಅದರ ವರ್ಗ 30.25, ಇಂಟು ಮೂರು ಅಂದ್ರೆ 90.75 ಘನ ಅಡಿ. ಇಲ್ಲಿ ಪೈ ಬದಲು ಬರೀ 3 ತಗೊಂಡಿದ್ದಾನೆ, ಪೂರ್ತಿ ಪೈ ಹಾಕಿದ್ರೆ ಸುಮಾರು 86.7 ಬರುತ್ತೆ, ಕಣದ ಅಂದಾಜಿಗೆ ಇಷ್ಟು ವ್ಯತ್ಯಾಸ ಏನೂ ಅಲ್ಲ.

ಗೋಡೆಗೆ ಒರಗಿಸಿ ಸುರಿದಿದ್ರೆ ಅದು ಅರ್ಧ ಶಂಕು, ಕಾಣೋ ಸುತ್ತನ್ನ ಎರಡರಿಂದ ಗುಣಿಸಿ ಲೆಕ್ಕ ಹಾಕಿ, ಬಂದಿದ್ದರಲ್ಲಿ ಅರ್ಧ ತಗೊಳಿ. ರೂಮಿನ ಮೂಲೇಲಿ ಸುರಿದಿದ್ರೆ ನಾಲ್ಕರಿಂದ ಗುಣಿಸಿ ಕಾಲುಭಾಗ.