ನೈಟ್ ಹಾಲ್ಟ್ ಬಸ್ಸು ನಕ್ಷೆಯಲ್ಲಿ ಕಾಣಬೇಕೆ?

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಬಸ್ ಮಾಲೀಕರಿಂದಲೂ ಅವರ ಕಚೇರಿ ಸಿಬ್ಬಂದಿಯಿಂದಲೂ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಿವೆ: ಪ್ರಯಾಣಿಕರಿಗೆಂದು ತೆರೆದಿಟ್ಟ ನೇರ ನಕ್ಷೆಯಲ್ಲಿ ಬಸ್ಸು ಕೆಲವು ಜಾಗಗಳಲ್ಲಿ ಕಾಣದಂತೆ ಜಿಯೋಫೆನ್ಸ್, ಅಂದರೆ ನಕ್ಷೆಯ ಮೇಲೆ ಗೆರೆ ಎಳೆದು ಗುರುತಿಸುವ ಬೇಲಿ, ಹಾಕುವುದು ಹೇಗೆ? ಬೇಲಿ ಎಳೆಯುವ ಕ್ರಮ ನಿಮ್ಮ ತಂತ್ರಾಂಶದ ಕೈಪಿಡಿಯಲ್ಲೇ ಇರುತ್ತದೆ, ಆದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಪ್ರಶ್ನೆಯೇ ತಲೆಕೆಳಗಾಗಿದೆ ಎಂಬುದನ್ನು ಈ ಬಾರಿ ಬಿಡಿಸಿ ಹೇಳಲೇಬೇಕಾಗಿದೆ.

ಪ್ರಶ್ನೆ: ದಾವಣಗೆರೆಯಿಂದ ಜಗಳೂರು, ಚನ್ನಗಿರಿ ಕಡೆಗೆ ನಮ್ಮ ಖಾಸಗಿ ಬಸ್ಸುಗಳು ಓಡುತ್ತವೆ. ನಾಲ್ಕು ಬಸ್ಸುಗಳು ಹಳ್ಳಿಗಳಲ್ಲಿ ನೈಟ್ ಹಾಲ್ಟ್ ಮಾಡುತ್ತವೆ, ಚಾಲಕರು ಅವುಗಳನ್ನು ತಮ್ಮ ಮನೆಯ ಹತ್ತಿರವೇ ನಿಲ್ಲಿಸಿಕೊಳ್ಳುತ್ತಾರೆ. ಆ ಜಾಗಗಳ ಸುತ್ತ 200 ಮೀಟರ್ ತ್ರಿಜ್ಯದ ವೃತ್ತ ಹಾಕಿ ನಕ್ಷೆಯಿಂದ ಮರೆಮಾಡಿದ್ದೇವೆ. ಆದರೂ ಬಸ್ಸು ನಿಲ್ಲುವ ಜಾಗ ಹುಡುಕಿಕೊಂಡು ಬಂದು ಎರಡು ಬಾರಿ ಡೀಸೆಲ್ ಕದ್ದಿದ್ದಾರೆ. ತ್ರಿಜ್ಯವನ್ನು 500 ಮೀಟರಿಗೆ ಹೆಚ್ಚಿಸಿದರೆ ಸಾಕೇ?

ಉತ್ತರ: ಸಾಲದು. ವೃತ್ತ ಎಷ್ಟೇ ದೊಡ್ಡದಾದರೂ ಅದರ ಕೇಂದ್ರ ಇದ್ದಲ್ಲಿಯೇ ಇರುತ್ತದೆ, ಮತ್ತು ನೀವು ಬಚ್ಚಿಡಲು ಹೊರಟಿರುವುದು ಆ ಕೇಂದ್ರವನ್ನೇ. ಬಸ್ಸು ಒಂದು ರಸ್ತೆಯಲ್ಲಿ ಮಾಯವಾಗಿ ಇನ್ನೊಂದರಲ್ಲಿ ಪ್ರತ್ಯಕ್ಷವಾಗುವ ಬಿಂದುಗಳೆಲ್ಲ ವೃತ್ತದ ಪರಿಧಿಯ ಮೇಲೆ ಅಥವಾ ಅದಕ್ಕೆ ಬಹಳ ಹತ್ತಿರದಲ್ಲಿ ಬೀಳುತ್ತವೆ. ಅಂತಹ ಮೂರು ಬಿಂದುಗಳು ಸಿಕ್ಕರೆ ವೃತ್ತದ ಕೇಂದ್ರವನ್ನು ಗುರುತಿಸುವುದು ಪ್ರೌಢಶಾಲೆಯ ರೇಖಾಗಣಿತ. ತ್ರಿಜ್ಯ 200 ಎಂಬ ದುಂಡು ಸಂಖ್ಯೆಯೆಂದು ಊಹಿಸಿದವನಿಗೆ ಎರಡೇ ಬಿಂದುಗಳಿಂದ ಹುಡುಕಾಟ ಎರಡೇ ಜಾಗಗಳಿಗೆ ಇಳಿಯುತ್ತದೆ. ಓಟ ಮತ್ತು ಸೈಕಲ್ ಸವಾರಿಯನ್ನು ದಾಖಲಿಸುವ ಆ್ಯಪ್‌ಗಳ ವೃತ್ತಾಕಾರದ ಗೋಪ್ಯ ವಲಯಗಳನ್ನು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಇಂತಹ ಲೆಕ್ಕದಿಂದಲೇ ಭೇದಿಸಿ ತೋರಿಸಿದ್ದರು. ಅದಕ್ಕೂ ಮೊದಲು ನಾನೇ ಒಂದು ಸಂಸ್ಥೆಗೆ ಹೀಗೆ ವೃತ್ತಗಳನ್ನು ಹಾಕಿಕೊಟ್ಟಿದ್ದೆ. ಪಿಯುಸಿ ಓದುತ್ತಿದ್ದ ಹುಡುಗನೊಬ್ಬ ಸ್ಕೇಲು ಮತ್ತು ಕೈವಾರ ಹಿಡಿದು ಚಾಲಕರ ಬೀದಿಯನ್ನು ತೋರಿಸಿದ. ಅಂದಿನಿಂದ ಯಾರ ಮನೆಯ ಸುತ್ತಲೂ ನಾನು ವೃತ್ತ ಎಳೆದಿಲ್ಲ, ಎಳೆಯಲು ಬಿಟ್ಟೂ ಇಲ್ಲ.

ನೀವು ಮಾಡಬೇಕಾದದ್ದು ಬಚ್ಚಿಡುವ ಬೇಲಿಯನ್ನು ಕಿತ್ತು ತೋರಿಸುವ ಬೇಲಿಯನ್ನು ಹಾಕುವುದು. ಬಸ್ಸು ತಾನಾಗಿಯೇ ನಕ್ಷೆಯಲ್ಲಿ ಇರಲೇಬಾರದು. ವೇಳಾಪಟ್ಟಿಯ ಸಮಯಕ್ಕೆ ಆಸುಪಾಸಿನಲ್ಲಿ ಅದು ಮೊದಲ ನಿಲ್ದಾಣದ ಬೇಲಿಯೊಳಕ್ಕೆ ಬಂದಾಗ ಮಾತ್ರ ಟ್ರಿಪ್ ನಕ್ಷೆಯಲ್ಲಿ ತೆರೆದುಕೊಳ್ಳಬೇಕು, ಕೊನೆಯ ನಿಲ್ದಾಣದ ಬೇಲಿಯನ್ನು ಸೇರಿದೊಡನೆ ಮುಚ್ಚಿಕೊಳ್ಳಬೇಕು. ಟ್ರಿಪ್ ಶುರುವಾಯಿತೆಂದು ಚಾಲಕನೇ ಗುಂಡಿ ಒತ್ತಲಿ ಎಂದು ಬಿಡುವವರಿದ್ದಾರೆ. ಬೆಳಗಿನ ಐದೂವರೆಗೆ ಎಂಜಿನ್ ಬಿಸಿ ಮಾಡಿ, ಗಾಜು ಒರೆಸಿ, ಹತ್ತುತ್ತಿರುವ ಪ್ರಯಾಣಿಕರನ್ನು ನೋಡಿಕೊಳ್ಳುವ ಮನುಷ್ಯನ ಮೇಲೆ ಈ ಹೊಣೆಯನ್ನೂ ಹೊರಿಸುವುದು ಅನ್ಯಾಯ. ಅವರು ಮರೆಯುತ್ತಾರೆ, ಮರೆತರೆ ತಪ್ಪು ಅವರದಲ್ಲ. ನಿಲ್ದಾಣದ ಬೇಲಿಯೇ ಟ್ರಿಪ್ಪನ್ನು ತೆರೆದು ಮುಚ್ಚಿದಾಗ ಹಳ್ಳಿಯ ಬಸ್ ನಿಲ್ದಾಣಕ್ಕೂ ಚಾಲಕನ ಮನೆಗೂ ನಡುವಿನ ಓಡಾಟ ಹೊರಗಿನವರಿಗೆ ಹೋಗುವುದೇ ಇಲ್ಲವಾದ್ದರಿಂದ, ಲೆಕ್ಕ ಹಾಕಿ ಹುಡುಕಲು ಪರಿಧಿಯೂ ಇರುವುದಿಲ್ಲ, ಕೇಂದ್ರವೂ ಇರುವುದಿಲ್ಲ.

ತೋರಿಸುವ ಬೇಲಿಯ ಅಳತೆಯಲ್ಲಿ ಎಚ್ಚರ ಬೇಕು. ನಿಮ್ಮ ಸಾಧನ 10 ಸೆಕೆಂಡಿಗೊಮ್ಮೆ ಸ್ಥಳ ಕಳುಹಿಸುತ್ತದೆ ಎಂದುಕೊಳ್ಳಿ. ಗಂಟೆಗೆ 40 ಕಿಲೋಮೀಟರ್ ವೇಗದ ಬಸ್ಸು ಅಷ್ಟರಲ್ಲಿ ಸುಮಾರು 111 ಮೀಟರ್ ಸಾಗಿರುತ್ತದೆ. ನಿಲ್ದಾಣದ ಸುತ್ತ 50 ಮೀಟರ್ ತ್ರಿಜ್ಯದ ಬೇಲಿ ಹಾಕಿದ್ದರೆ ಒಂದು ಬಿಂದುವೂ ಒಳಗೆ ಬೀಳದೆ ಬಸ್ಸು ದಾಟಿಹೋಗಬಹುದು. ಒಂದೋ ಬೇಲಿಯನ್ನು 150 ಮೀಟರಿಗೆ ಅಗಲಿಸಿ, ಇಲ್ಲವೇ ಎರಡು ಬಿಂದುಗಳ ನಡುವಿನ ರೇಖೆ ಬೇಲಿಯನ್ನು ಕತ್ತರಿಸುತ್ತದೆಯೇ ಎಂದು ಸರ್ವರ್ ಪರೀಕ್ಷಿಸಲಿ. ತೆರೆದ ಆಕಾಶದ ಕೆಳಗೆ ಜಿಪಿಎಸ್ ದೋಷ ಐದು ಮೀಟರಿನ ಆಸುಪಾಸಿನಲ್ಲಿದ್ದರೂ ಕಟ್ಟಡಗಳ ನಡುವೆ, ಚಿತ್ರದುರ್ಗದಂತಹ ಕಡೆ ಬಂಡೆಬೆಟ್ಟದ ಬುಡದಲ್ಲಿ, ಅದು ಇನ್ನೂ ಬೆಳೆಯುತ್ತದೆ. ಎಂಜಿನ್ ಚಾಲೂ ಆದ ಮೊದಲ ಅರ್ಧ ನಿಮಿಷದ ಬಿಂದುಗಳಂತೂ ನಂಬಿಕೆಗೆ ಅರ್ಹವಲ್ಲ. ಆದ್ದರಿಂದ ಒಂದೇ ಬಿಂದುವನ್ನು ನೋಡಿ ತೀರ್ಮಾನಿಸದೆ, ಸತತ ಎರಡು ಮೂರು ಬಿಂದುಗಳು ಒಪ್ಪಿದ ಮೇಲೆ ಸ್ಥಿತಿಯನ್ನು ಬದಲಿಸಿ. ಹೊರಹೋಗುವ ಗೆರೆಯನ್ನು ಒಳಬರುವ ಗೆರೆಗಿಂತ 30, 40 ಮೀಟರ್ ಆಚೆಗಿಡಿ. ಇಲ್ಲದಿದ್ದರೆ ಗೆರೆಯ ಮೇಲೆ ನಿಂತ ಬಸ್ಸು ನಕ್ಷೆಯಲ್ಲಿ ಮಿಣುಕುತ್ತಲೇ ಇರುತ್ತದೆ. ನಡುದಾರಿಯಲ್ಲಿ ನಿಂತ ಬಸ್ಸನ್ನು ಮಾತ್ರ ನಿಂತಿದೆ ಎಂಬ ಕಾರಣಕ್ಕೆ ಮರೆಮಾಡಬೇಡಿ. ರೈಲ್ವೆ ಗೇಟು ಬಿದ್ದು ಹತ್ತು ನಿಮಿಷ ಕಾಯುವ ಬಸ್ಸಿನ ಸುಳಿವು ಪ್ರಯಾಣಿಕನಿಗೆ ಬೇಕಾಗುವುದು ಆಗಲೇ.

ಡಿಪೋ, ಗ್ಯಾರೇಜು, ಪೆಟ್ರೋಲ್ ಬಂಕ್‌ಗಳಿಗೆ ಬಚ್ಚಿಡುವ ಬೇಲಿ ಹಾಕಲು ನನ್ನ ಅಭ್ಯಂತರವಿಲ್ಲ, ಏಕೆಂದರೆ ಆ ಜಾಗಗಳು ಗುಟ್ಟಲ್ಲ. ಅಲ್ಲಿ ನಿಂತ ಬಸ್ಸು ಸೇವೆಯಲ್ಲಿದೆ ಎಂದು ಜನ ತಪ್ಪು ತಿಳಿಯಬಾರದು, ಅಷ್ಟೇ. ಅಲ್ಲಿಯೂ ವೃತ್ತ ಬೇಡ, ಕಾಂಪೌಂಡಿನ ಅಂಚನ್ನೇ ಅನುಸರಿಸುವ ಬಹುಭುಜ ಎಳೆಯಿರಿ. ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದ ಗ್ಯಾರೇಜಿಗೆ ವೃತ್ತ ಹಾಕಿದರೆ ಹೆದ್ದಾರಿಯಲ್ಲಿ ಓಡುತ್ತಿರುವ ಬಸ್ಸುಗಳೂ ಅದರಲ್ಲಿ ಸಿಕ್ಕಿ ಮಾಯವಾಗುತ್ತವೆ.

ಪ್ರಶ್ನೆ: ನಕ್ಷೆಯ ಪುಟದಲ್ಲಿ ಬಸ್ಸಿನ ಗುರುತನ್ನು ಅಡಗಿಸಿದ್ದೇವೆ, ಅದು ಸಾಲದೇ? (ಹರಿಹರ)

ಉತ್ತರ: ಸಾಲದು. ಸ್ಥಳದ ಅಂಕಿಗಳು ನೋಡುಗನ ಬ್ರೌಸರಿಗೆ ತಲುಪಿದ ಮೇಲೆ ಅವು ಗುಟ್ಟಾಗಿ ಉಳಿಯುವುದಿಲ್ಲ. ಸೋಸುವ ಕೆಲಸ ಸರ್ವರಿನಲ್ಲಿ, ಮಾಹಿತಿ (ಫೀಡ್) ಹೊರಡುವ ಮೊದಲೇ ಮುಗಿಯಬೇಕು. ಬೇರೆ ಆ್ಯಪ್‌ಗಳಿಗೆ ಜಿಟಿಎಫ್‌ಎಸ್ ರಿಯಲ್‌ಟೈಮ್ ಫೀಡ್ (ಬಸ್ಸಿನ ಸ್ಥಳ, ಸಮಯಗಳನ್ನು ಆಗಿಂದಾಗ್ಗೆ ತಿಳಿಸುವ ಸಾಮಾನ್ಯ ಮಾದರಿಯ ಮಾಹಿತಿ) ಕೊಡುವವರಾದರೆ ಅದಕ್ಕೂ ಇದೇ ಸೋಸುವಿಕೆ ಅನ್ವಯಿಸಬೇಕು.

ಪ್ರಶ್ನೆ: ಬೇಲಿಯ ಗೊಡವೆಯೇ ಬೇಡ, ಪ್ರತಿ ಬಿಂದುವನ್ನೂ 300 ಮೀಟರಿನೊಳಗೆ ಅತ್ತಿತ್ತ ಚದುರಿಸುವ ತಂತ್ರಾಂಶವಿದೆ ಎಂದು ಮಾರಾಟಗಾರರೊಬ್ಬರು ಹೇಳುತ್ತಿದ್ದಾರೆ. (ಚಿತ್ರದುರ್ಗ)

ಉತ್ತರ: ದುಡ್ಡು ಕೊಡಬೇಡಿ. ಎಂಟು ಗಂಟೆ ನಿಂತ ಬಸ್ಸು 30 ಸೆಕೆಂಡಿಗೊಂದರಂತೆ 960 ಬಿಂದುಗಳನ್ನು ಕಳುಹಿಸುತ್ತದೆ. ಅಷ್ಟನ್ನೂ ಕೂಡಿಸಿ ಸರಾಸರಿ ತೆಗೆದರೆ ಚದುರಿಸಿದ್ದೆಲ್ಲ ಪರಸ್ಪರ ವಜಾ ಆಗಿ, ಬಸ್ಸು ನಿಂತ ಜಾಗ ಹತ್ತು ಮೀಟರಿನ ಆಸುಪಾಸಿನಲ್ಲಿ ಸಿಕ್ಕಿಬಿಡುತ್ತದೆ. ಓಡುವ ಬಸ್ಸಿಗೆ ಕಾದಿರುವವರಿಗೆ ಮಾತ್ರ ಅದು ಪಕ್ಕದ ಬೀದಿಯಲ್ಲಿ ಓಡಿದಂತೆ ಕಾಣುತ್ತದೆ. ಕಳ್ಳನಿಗೆ ನಿಜವನ್ನೂ ಪ್ರಯಾಣಿಕನಿಗೆ ಸುಳ್ಳನ್ನೂ ಕೊಡುವ ಇದನ್ನು ಭದ್ರತೆ ಎಂದು ಮಾರುವವರ ಮೇಲೆ ನನಗೆ ನಿಜಕ್ಕೂ ಕೋಪವಿದೆ.

ಪ್ರಶ್ನೆ: ರಾತ್ರಿ ಮಾತ್ರ ಜಿಪಿಎಸ್ ಸಂಕೇತ ತಡೆಯುವ ಜಾಮರ್ ಹಾಕಬಹುದೇ? (ಚಳ್ಳಕೆರೆ)

ಉತ್ತರ: ಕೂಡದು, ಅದು ಕಾನೂನುಬಾಹಿರ. ಸಾಧನದ ತಂತಿ ಕೀಳುವುದೂ ಬೇಡ. ವಾಹನದ ಸ್ಥಳ ತಿಳಿಸುವ ಸಾಧನಗಳಿಗಾಗಿ ಇರುವ ಎಐಎಸ್ 140 ಮಾನದಂಡದ ಸಾಧನಕ್ಕೆ ಪ್ಯಾನಿಕ್ ಬಟನ್ ಕೂಡ ಜೋಡಣೆಯಾಗಿರುತ್ತದೆ. ಮರೆಮಾಡಬೇಕಾದದ್ದು ಸಾರ್ವಜನಿಕ ನಕ್ಷೆಯಿಂದ, ಸಾಧನದಿಂದ ಅಲ್ಲ.

ಪ್ರಶ್ನೆ: ಬೇಲಿ ದಾವಣಗೆರೆಯ ಬದಲು ಎಲ್ಲೋ ಹಿಮಸಮುದ್ರದಲ್ಲಿ ಬಿದ್ದಿದೆ. (ದಾವಣಗೆರೆ)

ಉತ್ತರ: ಅಂಕಿಗಳು ಅದಲುಬದಲಾಗಿವೆ. ಬೇಲಿಯ ಗೆರೆಗಳನ್ನು ಬರೆದಿಡುವ ಜಿಯೋಜೇಸನ್ ಕಡತದಲ್ಲಿ ರೇಖಾಂಶ ಮೊದಲು, ಅಕ್ಷಾಂಶ ನಂತರ, 75.92, 14.46 ಎಂದು ಬರೆಯಿರಿ.

ಪ್ರಶ್ನೆ: ಬಸ್ಸು ನಕ್ಷೆಯಲ್ಲಿ ಕಾಣದಿದ್ದರೆ ಪ್ರಯಾಣಿಕರು ಫೋನ್ ಮಾಡಿ ಬೈಯುತ್ತಾರೆ. ಕೊನೆಯದಾಗಿ ಕಂಡ ಸ್ಥಳವನ್ನಾದರೂ ಉಳಿಸಿಕೊಳ್ಳಲೇ? (ಹೊಳಲ್ಕೆರೆ)

ಉತ್ತರ: ಬೇಡ. ಕೊನೆಯದಾಗಿ ಕಂಡ ಸ್ಥಳವೇ ಬೇಲಿಯ ಅಂಚು. ಅದರ ಬದಲು ಆ ಮಾರ್ಗದ ಹೆಸರಿನ ಮುಂದೆ ‘ಸೇವೆಯಲ್ಲಿಲ್ಲ, ಮುಂದಿನ ಬಸ್ಸು ಬೆಳಿಗ್ಗೆ 5.45ಕ್ಕೆ’ ಎಂಬಂತೆ ಸಮಯ ಬರೆಯಿರಿ. ಫೋನ್ ಮಾಡುವವರು ಕೇಳುತ್ತಿರುವುದು ಬಸ್ಸು ಎಲ್ಲಿ ಮಲಗಿದೆ ಎಂದಲ್ಲ, ತಮ್ಮ ಊರಿಗೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು.