ಓದುಗರ ಪ್ರಶ್ನೆಗಳಿಗೆ ಉತ್ತರ: ‘ದಿ ಕ್ರೂಸಿಬಲ್’ ನಾಟಕದಲ್ಲಿ ಭಯ ಮತ್ತು ಮರ್ಯಾದೆ

ಆರ್ಥರ್ ಮಿಲ್ಲರ್ ಅವರ ‘ದಿ ಕ್ರೂಸಿಬಲ್’ ಬಗ್ಗೆ ವಿದ್ಯಾರ್ಥಿಗಳೂ ಹವ್ಯಾಸಿ ರಂಗತಂಡದವರೂ ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. 1692ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೇಲಂ ಊರಿನಲ್ಲಿ ಮಾಟದ ಆರೋಪ ಹೊರಿಸಿ ಜನರನ್ನು ಗಲ್ಲಿಗೇರಿಸಿದ ಘಟನೆಯೇ ಈ ನಾಲ್ಕು ಅಂಕಗಳ ನಾಟಕದ ವಸ್ತು. ಮೊದಲ ಪ್ರಯೋಗ 1953ರ ಜನವರಿಯಲ್ಲಿ, ನ್ಯೂಯಾರ್ಕ್‌ನಲ್ಲಿ ನಡೆಯಿತು.

ಪ್ರಶ್ನೆ: ಒಬ್ಬ ಹುಡುಗಿ ಹಾಸಿಗೆ ಹಿಡಿದದ್ದು ಇಡೀ ಊರಿಗೆ ಹಬ್ಬುವಷ್ಟು ದೊಡ್ಡದಾಯಿತು ಹೇಗೆ? ಮೂಢನಂಬಿಕೆಯೇ ಕಾರಣ ಎಂದು ಬರೆದರೆ ಸಾಕೆ?
— ಎಂ.ಎ. ವಿದ್ಯಾರ್ಥಿನಿ, ಶಿವಮೊಗ್ಗ

ಸಾಲದು. ಸೈತಾನನ ಮೇಲಿನ ನಂಬಿಕೆ ಆ ಊರಿನಲ್ಲಿ ಮೊದಲಿನಿಂದಲೂ ಇತ್ತು. ಆ ವರ್ಷ ಅದು ಜನರ ಕೊರಳಿಗೆ ಬಂದದ್ದು ವಿಚಾರಣೆ ನಡೆದ ರೀತಿಯಿಂದ. ತಪ್ಪು ಒಪ್ಪಿಕೊಂಡವರಿಗೆ ಜೀವ ಉಳಿಯುತ್ತದೆ, ಇಲ್ಲವೆಂದವರಿಗೆ ನೇಣು. ಒಪ್ಪಿಕೊಂಡರಷ್ಟೇ ಸಾಲದು, ಜೊತೆಗಿದ್ದವರ ಹೆಸರನ್ನೂ ಹೇಳಬೇಕು. ಹೀಗಾದಾಗ ಒಬ್ಬೊಬ್ಬರು ಬದುಕಿಕೊಂಡಾಗಲೂ ಇನ್ನು ಮೂವರು ಸಿಕ್ಕಿಬೀಳುತ್ತಾರೆ.

ಮೊದಲ ಅಂಕದ ಕೊನೆಯ ಪುಟಗಳನ್ನು ನಿಧಾನವಾಗಿ ಓದಿ. ಹುಡುಗಿಯರು ಕಾಡಿನಲ್ಲಿ ಕುಣಿದದ್ದು ಬಯಲಾಗಿ, ಮಾಟ ಪತ್ತೆಗೆಂದು ಕರೆಸಿದ ಪಾದ್ರಿ ಹೇಲ್ ಬಿಗಿಯಾಗಿ ಕೇಳತೊಡಗಿದಾಗ, ಊರ ಪಾದ್ರಿ ಪ್ಯಾರಿಸ್‌ನ ಮನೆಯಲ್ಲಿರುವ ಹುಡುಗಿ ಅಬಿಗೇಲ್ ಬಾರ್ಬಡೋಸ್‌ನಿಂದ ಬಂದ ಗುಲಾಮಳಾದ ಟಿಟುಬಾಳತ್ತ ಬೆರಳು ತೋರಿಸುತ್ತಾಳೆ. ಟಿಟುಬಾ ಮೊದಲು ಇಲ್ಲವೆನ್ನುತ್ತಾಳೆ. ಸಾಯುವವರೆಗೆ ಚಾಟಿಯಲ್ಲಿ ಹೊಡೆಯುವೆನೆಂದು ಪ್ಯಾರಿಸ್ ಹೆದರಿಸುತ್ತಾನೆ, ಗಲ್ಲಿಗೇರಿಸಬೇಕೆಂದು ಊರ ಸಿರಿವಂತ ಜಮೀನುದಾರ ಪಟ್ನಂ ಅನ್ನುತ್ತಾನೆ. ಆಗ ಅವಳು ಒಪ್ಪಿಕೊಳ್ಳುತ್ತಾಳೆ. ಕೂಡಲೇ ಹೇಲ್‌ನ ದನಿ ಮೆತ್ತಗಾಗುತ್ತದೆ, ಅವಳ ಕೈ ಹಿಡಿದು ದೇವರ ಮಾತಾಡುತ್ತಾನೆ. ಸೈತಾನನ ಜೊತೆ ಬಂದವರು ಯಾರು ಎಂಬ ಪ್ರಶ್ನೆ ಬಂದಾಗ ಸಾರಾ ಗುಡ್, ಆಸ್ಬರ್ನ್ ಎಂಬ ಹೆಸರುಗಳನ್ನು ಮೊದಲು ಎತ್ತುವವನು ಪಟ್ನಂ. ಟಿಟುಬಾ ಸ್ವಲ್ಪ ಹೊತ್ತಿನ ಮೇಲೆ ಅವನ್ನೇ ಹೇಳುತ್ತಾಳೆ. ಬೆದರಿಕೆ, ಆಮೇಲೆ ಕನಿಕರ, ಆಮೇಲೆ ಬಾಯಿಗೆ ಇಟ್ಟ ಹೆಸರು: ಇದೇ ಕ್ರಮ. ಇದನ್ನು ಕಣ್ಣಾರೆ ಕಂಡ ಅಬಿಗೇಲ್ ತಾನೂ ಒಪ್ಪಿಕೊಳ್ಳುವೆನೆಂದು ಮುಂದೆ ಬರುತ್ತಾಳೆ, ಹಾಸಿಗೆಯಲ್ಲಿದ್ದ ಪ್ಯಾರಿಸ್‌ನ ಮಗಳು ಬೆಟ್ಟಿಯೂ ಎದ್ದು ಕೂರುತ್ತಾಳೆ. ಹೆಸರುಗಳ ಮೇಲೆ ಹೆಸರು ಬೀಳುತ್ತಿರುವಾಗಲೇ ಪರದೆ.

ಹಳೆಯ ಜಗಳಗಳನ್ನೂ ಉತ್ತರಕ್ಕೆ ಸೇರಿಸಿ. ಏಳು ಕೂಸುಗಳನ್ನು ಕಳೆದುಕೊಂಡ ಆ್ಯನ್ ಪಟ್ನಂ ತನ್ನ ಸಂಕಟಕ್ಕೆ ಕಾರಣ ಹುಡುಕುತ್ತಿದ್ದಾಳೆ. ಅವಳ ಗಂಡನ ಕಣ್ಣು ನೆರೆಯವರ ಜಮೀನಿನ ಮೇಲೆ. ಆರೋಪ ಸಾಬೀತಾದವನ ಆಸ್ತಿ ಮುಟ್ಟುಗೋಲಾದರೆ ಕೊಳ್ಳುವಷ್ಟು ಹಣ ಇರುವುದು ಪಟ್ನಂ ಒಬ್ಬನಲ್ಲೇ ಎಂದು ಮುದಿ ರೈತ ಜೈಲ್ಸ್ ಕೋರಿ ಮೂರನೇ ಅಂಕದಲ್ಲಿ ನೇರವಾಗಿ ದೂರುತ್ತಾನೆ. ಇದನ್ನು ತನಗೆ ತಿಳಿಸಿದವರು ಯಾರೆಂದು ಮಾತ್ರ ಕೋರ್ಟು ಎಷ್ಟು ಕೇಳಿದರೂ ಬಾಯಿ ಬಿಡುವುದಿಲ್ಲ.

ಪ್ರಶ್ನೆ: ಪ್ಯಾರಿಸ್ ಮರ್ಯಾದೆಗೆ ಅಂಜಿದರೆ ಸಣ್ಣವನು, ರೈತ ಜಾನ್ ಪ್ರಾಕ್ಟರ್ ತನ್ನ ಹೆಸರಿಗಾಗಿ ಸತ್ತರೆ ದೊಡ್ಡವನು. ಇದು ನಾಟಕಕಾರನ ಪಕ್ಷಪಾತವಲ್ಲವೆ?
— ಉಪನ್ಯಾಸಕ, ಧಾರವಾಡ

ಒಳ್ಳೆಯ ಪ್ರಶ್ನೆ, ಆದರೆ ಇಬ್ಬರ ಅಂಜಿಕೆಯೂ ಒಂದೇ ಅಲ್ಲ. ತಮ್ಮ ಹೆಸರು ಉಳಿಸಿಕೊಳ್ಳಲು ಬೆಲೆ ತೆರುವವರು ಯಾರು ಎಂದು ಪ್ರತಿ ಪಾತ್ರದ ಎದುರೂ ಕೇಳಿ ನೋಡಿ.

ಮಗಳು ಅಲುಗಾಡದೆ ಮಲಗಿರುವಾಗ ಪ್ಯಾರಿಸ್ ಅಬಿಗೇಲ್‌ಳನ್ನು ಕೇಳುವುದು ಊರಲ್ಲಿ ಅವಳ ಹೆಸರು ಚೆನ್ನಾಗಿದೆಯೇ ಎಂದು. ತನ್ನನ್ನು ಓಡಿಸಲು ಕಾದಿರುವವರು ಇದನ್ನೇ ಹಿಡಿದುಕೊಂಡಾರು ಎಂಬುದು ಅವನ ಚಿಂತೆ. ವರ್ಷಕ್ಕೆ 66 ಪೌಂಡ್ ಸಂಬಳದಲ್ಲಿ ಸೌದೆಯ 6 ಪೌಂಡ್ ಸೇರಿದೆಯೋ ಇಲ್ಲವೋ ಎಂದು ವಾದಿಸುವವನೂ ಅವನೇ. ವಿಚಾರಣೆ ನಡೆಸುವ ನ್ಯಾಯಾಧೀಶ ಡ್ಯಾನ್‌ಫರ್ತ್‌ನದು ಇನ್ನೂ ಭಾರಿ ಪ್ರಮಾಣ. ಬಂಧಿತರು ನಿರಪರಾಧಿಗಳು ಎಂಬ ಅನುಮಾನ ನಾಲ್ಕನೇ ಅಂಕದ ಹೊತ್ತಿಗೆ ಎಲ್ಲರ ಮುಖದಲ್ಲೂ ಇದೆ. ಆದರೆ ಆಗಲೇ ಹನ್ನೆರಡು ಮಂದಿಯನ್ನು ಗಲ್ಲಿಗೇರಿಸಿರುವುದರಿಂದ ಈಗ ಮುಂದೂಡಿದರೆ ಕೋರ್ಟೇ ತಪ್ಪಿತ್ತು ಎಂದಾಗುತ್ತದೆ ಎಂಬುದು ಅವನ ತರ್ಕ. ಕೋರ್ಟಿನ ಹೆಸರಿಗಾಗಿ ಉಳಿದವರೂ ಸಾಯಬೇಕು. ಈ ನಾಟಕದ ಅತ್ಯಂತ ಭಯಂಕರ ಮಾತು ನಮ್ಮ ಮಟ್ಟಿಗೆ ಇದೇ.

ಪ್ರಾಕ್ಟರ್‌ನನ್ನು ಮೊದಲಿನಿಂದ ನಾಯಕ ಮಾಡಬೇಡಿ. ಮಾಟಮಂತ್ರ ಏನೂ ಇಲ್ಲವೆಂದು ಅಬಿಗೇಲ್ ಮೊದಲ ಅಂಕದಲ್ಲೇ ಅವನಿಗೆ ಹೇಳಿರುತ್ತಾಳೆ. ಅವಳೊಂದಿಗಿನ ಸಂಬಂಧ ಹೊರಬಿದ್ದೀತೆಂದು ಅವನು ಕೋರ್ಟಿಗೆ ಹೋಗಲು ಹಿಂಜರಿಯುತ್ತಾನೆ, ಅಷ್ಟರಲ್ಲಿ ಹೆಂಡತಿಯನ್ನೇ ಹಿಡಿದೊಯ್ಯುತ್ತಾರೆ. ಮೂರನೇ ಅಂಕದಲ್ಲಿ, ಅಬಿಗೇಲ್‌ಳ ಸುಳ್ಳು ಬಯಲು ಮಾಡಲು, ಅವನು ತನ್ನ ಹಾದರವನ್ನು ನ್ಯಾಯಾಧೀಶರ ಎದುರೇ ಹೇಳಿಕೊಳ್ಳುತ್ತಾನೆ. ಎಂದೂ ಸುಳ್ಳಾಡದ ಹೆಂಡತಿ ಎಲಿಜಬೆತ್‌ಳನ್ನು ಕರೆಸಿ, ಗಂಡನೂ ಅಬಿಗೇಲ್‌ಳೂ ಬೆನ್ನು ತಿರುಗಿಸಿ ನಿಂತಿರುವಾಗ ಗಂಡ ಹಾದರ ಮಾಡಿದ್ದು ನಿಜವೇ ಎಂದು ಕೇಳುತ್ತಾರೆ. ಅವನ ಮಾನ ಕಾಯಲೆಂದು ಅವಳು ಇಲ್ಲವೆನ್ನುತ್ತಾಳೆ. ಆ ಒಂದು ಮಾತಿನಿಂದ ಗಂಡ ಸುಳ್ಳುಗಾರನಾಗುತ್ತಾನೆ.

ಹಾಗಾಗಿ ನಾಲ್ಕನೇ ಅಂಕಕ್ಕೆ ಬರುವಾಗ ಊರಿನ ಕಣ್ಣಲ್ಲಿ ಉಳಿಸಿಕೊಳ್ಳಲು ಅವನ ಬಳಿ ಮರ್ಯಾದೆಯೇ ಇಲ್ಲ. ಬದುಕಲು ಸುಳ್ಳು ಒಪ್ಪಿಗೆ ಕೊಡಲೂ ಸಿದ್ಧನಿದ್ದಾನೆ. ಎರಡು ಕಡೆ ಮಾತ್ರ ನಿಲ್ಲುತ್ತಾನೆ: ಬೇರೆಯವರ ಹೆಸರು ಹೇಳುವುದಿಲ್ಲ, ಸಹಿ ಮಾಡಿದ ಕಾಗದವನ್ನು ಚರ್ಚಿನ ಬಾಗಿಲಿಗೆ ಹೊಡೆಯಲು ಬಿಡುವುದಿಲ್ಲ. ಅದೇ ದಿನ ಗಲ್ಲಿಗೆ ಹೋಗುವ, ಊರೇ ಗೌರವಿಸುವ ಮುದುಕಿ ರೆಬೆಕಾ ನರ್ಸ್‌ಳಂಥವರ ಮೇಲೆ ಆ ಸಹಿ ಸಾಕ್ಷಿಯಾಗುತ್ತದೆ. ಪ್ಯಾರಿಸ್‌ನ ಹೆಸರಿಗೆ ಬೇರೆಯವರು ಬೆಲೆ ತೆತ್ತರು, ಪ್ರಾಕ್ಟರ್ ಕೊನೆಗೆ ತಾನೇ ತೆತ್ತ.

ಪ್ರಶ್ನೆ: ಮಿಲ್ಲರ್ ಅವರನ್ನು ಕಮ್ಯುನಿಸ್ಟ್ ಎಂದು ವಿಚಾರಣೆಗೆ ಕರೆದದ್ದರಿಂದ ಈ ನಾಟಕ ಬರೆದರು ಎಂದು ಗೈಡ್‌ನಲ್ಲಿದೆ. ಸರಿಯೆ?
— ಬಿ.ಎ. ವಿದ್ಯಾರ್ಥಿ, ಮೈಸೂರು

ಹಿಂದುಮುಂದಾಗಿದೆ. ಕಮ್ಯುನಿಸ್ಟರನ್ನು ಹುಡುಕುವ ಸಂಸದೀಯ ವಿಚಾರಣೆಗಳು ಆಗ ನಡೆಯುತ್ತಿದ್ದವು, ಸಹೋದ್ಯೋಗಿಗಳ ಹೆಸರು ಹೇಳುವಂತೆ ಅಲ್ಲಿಯೂ ಒತ್ತಾಯವಿತ್ತು. ಮಿಲ್ಲರ್ ಅವರ ಗೆಳೆಯ, ನಿರ್ದೇಶಕ ಎಲಿಯಾ ಕಜಾನ್ 1952ರಲ್ಲಿ ಹೆಸರುಗಳನ್ನು ಹೇಳಿದರು. ಮಿಲ್ಲರ್ ಅವರನ್ನು ಕರೆದದ್ದು 1956ರಲ್ಲಿ, ನಾಟಕ ರಂಗಕ್ಕೆ ಬಂದು ಮೂರು ವರ್ಷದ ಮೇಲೆ. ಅವರು ಹೆಸರು ಹೇಳಲಿಲ್ಲ. 1957ರಲ್ಲಿ ಶಿಕ್ಷೆಯಾಯಿತು, 1958ರಲ್ಲಿ ಮೇಲ್ಮನವಿಯಲ್ಲಿ ರದ್ದಾಯಿತು.

ಪ್ರಶ್ನೆ: ನಮ್ಮ ತಂಡ ಇದನ್ನು ಕನ್ನಡದಲ್ಲಿ ಆಡಬೇಕೆಂದಿದೆ. ತಾಲೀಮಿನಲ್ಲಿ ಹಳದಿ ಹಕ್ಕಿಯ ದೃಶ್ಯಕ್ಕೆ ನೋಡುವವರು ನಗುತ್ತಾರೆ. ಎರಡು ಗಂಟೆಗೆ ಇಳಿಸಲು ಏನು ಕತ್ತರಿಸಬಹುದು?
— ಹವ್ಯಾಸಿ ತಂಡ, ಹಾಸನ

ನಿಜ ಹೇಳಲು ಬಂದ ಪ್ರಾಕ್ಟರ್ ಮನೆಯ ಆಳು ಮೇರಿ ವಾರೆನ್‌ಳೇ ಹಳದಿ ಹಕ್ಕಿಯಾಗಿ ಬಂದಿದ್ದಾಳೆಂದು ಅಬಿಗೇಲ್ ಮತ್ತು ಹುಡುಗಿಯರು ಮೂರನೇ ಅಂಕದಲ್ಲಿ ನಟಿಸುವ ದೃಶ್ಯವಿದು. ಹುಡುಗಿಯರು ಮೊದಲ ಕ್ಷಣದಿಂದಲೇ ಕಿರುಚಿದರೆ ನಗು ಬಂದೇ ಬರುತ್ತದೆ, ಏರಲು ಜಾಗವೇ ಉಳಿದಿರುವುದಿಲ್ಲ. ಪ್ರೇಕ್ಷಕರ ತಲೆಯ ಮೇಲೆ ಎಲ್ಲಾದರೂ ಒಂದು ಗುರುತು ನಿಗದಿ ಮಾಡಿ, ಎಲ್ಲರ ಕಣ್ಣೂ ಆ ಒಂದೇ ಕಡೆಗೆ ಇರಲಿ. ನೋಟ ಚದುರಿದರೆ ಹಕ್ಕಿಯೂ ಚದುರುತ್ತದೆ. ಮೊದಲ ಕೆಲವು ತಾಲೀಮುಗಳನ್ನು ಪಿಸುಮಾತಿನಲ್ಲೇ ಮಾಡಿ. ಮೇರಿ ವಾರೆನ್ ಹೇಳಿದ್ದನ್ನು ಉಳಿದವರು ಅವಳದೇ ಶ್ರುತಿಯಲ್ಲಿ, ಅವಳದೇ ವೇಗದಲ್ಲಿ ತಿರುಗಿ ಹೇಳಬೇಕು. ಅದಕ್ಕೆ ಅನುವಾದದಲ್ಲಿ ಆ ಮಾತುಗಳು ಎರಡು ಮೂರು ಪದ ಮೀರಬಾರದು. ಇನ್ನೊಂದು ವಿಷಯ, ಡ್ಯಾನ್‌ಫರ್ತ್ ಪಾತ್ರಧಾರಿ ಸುಮ್ಮನೆ ನಿಂತರೆ ದೃಶ್ಯ ಸತ್ತಂತೆ. ಅವನೂ ತಲೆಯೆತ್ತಿ ನೋಡಬೇಕು, ಹೆದರಬೇಕು. ಪ್ರೇಕ್ಷಕರಿಗೆ ಭಯ ಬರುವುದು ನ್ಯಾಯಾಧೀಶನ ಮುಖದಿಂದ.

ಕತ್ತರಿಸುವಾಗ ಸೌದೆ, ಜಮೀನಿನ ಜಗಳಗಳನ್ನು ತೆಗೆಯುವ ಆಸೆ ಹುಟ್ಟುತ್ತದೆ. ತೆಗೆಯಬೇಡಿ, ತೆಗೆದರೆ ಆರೋಪಗಳಿಗೆ ಬುಡವೇ ಇರುವುದಿಲ್ಲ. ರೆಬೆಕಾ, ಜೈಲ್ಸ್‌ನ ಹೆಂಡತಿ ಮಾರ್ಥಾ, ಎಲಿಜಬೆತ್ ಒಳ್ಳೆಯವರೆಂದು ಸಹಿ ಹಾಕಿದ 91 ಜನರನ್ನೇ ವಿಚಾರಣೆಗೆ ಕರೆಸಲು ಡ್ಯಾನ್‌ಫರ್ತ್ ಆಜ್ಞೆ ಮಾಡುವ ಭಾಗವೂ ಇರಲಿ, ಊರು ಯಾಕೆ ಬಾಯಿ ಮುಚ್ಚಿತು ಎಂಬುದು ಅಲ್ಲಿ ತಿಳಿಯುತ್ತದೆ. ಕೆಲವು ಪ್ರತಿಗಳಲ್ಲಿ ಅನುಬಂಧವಾಗಿ ಸಿಗುವ, ಪ್ರಾಕ್ಟರ್ ಮತ್ತು ಅಬಿಗೇಲ್ ಕಾಡಿನಲ್ಲಿ ಭೇಟಿಯಾಗುವ ದೃಶ್ಯವನ್ನು ಬಿಡಬಹುದು. ಅದರಲ್ಲಿ ಅಬಿಗೇಲ್ ಬುದ್ಧಿ ಕೆಟ್ಟವಳಂತೆ ಕಾಣುತ್ತಾಳೆ, ಕೋರ್ಟಿನ ಹೊಣೆ ಹಗುರಾಗುತ್ತದೆ. ಅಷ್ಟು ಮಾಡಿದರೂ ಎರಡು ಗಂಟೆಗೆ ಇಳಿಸುವುದು ಕಷ್ಟ. ಎರಡೂವರೆ ಗಂಟೆ ಇಟ್ಟುಕೊಳ್ಳಿ ಎಂಬುದು ನಮ್ಮ ಸಲಹೆ.

ಪಾತ್ರಗಳು 21: ಹತ್ತು ಹೆಣ್ಣು, ಹನ್ನೊಂದು ಗಂಡು. ಜನ ಕಡಿಮೆಯಿದ್ದರೆ ಮೊದಲ ಅಂಕದಲ್ಲಷ್ಟೇ ಬರುವ ಆ್ಯನ್ ಪಟ್ನಂ ಪಾತ್ರಧಾರಿಗೇ ಕೊನೆಯ ಅಂಕದ ಸಾರಾ ಗುಡ್ ಪಾತ್ರವನ್ನೂ ಕೊಡಬಹುದು. ಮಿಲ್ಲರ್ ತೀರಿಕೊಂಡದ್ದು 2005ರಲ್ಲಿ, ನಮ್ಮ ಕಾನೂನಿನ ಪ್ರಕಾರ ಹಕ್ಕುಸ್ವಾಮ್ಯ ಲೇಖಕರ ಮರಣದ ನಂತರ 60 ವರ್ಷ ಇರುತ್ತದೆ. ಅನುವಾದಕ್ಕೂ ಪ್ರದರ್ಶನಕ್ಕೂ ಮೊದಲೇ ಅನುಮತಿ ಕೇಳಿ.

ಪ್ರಶ್ನೆ: ಸೇಲಂನಲ್ಲಿ ಮಾಟಗಾತಿಯರನ್ನು ಸುಟ್ಟರಂತೆ, ನಿಜವೆ? ನಾಟಕದಲ್ಲಿರುವುದೆಲ್ಲ ನಡೆದದ್ದೆ?
— ಗೃಹಿಣಿ, ಉಡುಪಿ

ಯಾರನ್ನೂ ಸುಡಲಿಲ್ಲ. 19 ಜನರನ್ನು ಗಲ್ಲಿಗೇರಿಸಿದರು, ಅವರಲ್ಲಿ ಐವರು ಗಂಡಸರು. ಆರೋಪಕ್ಕೆ ಉತ್ತರ ಕೊಡಲೊಪ್ಪದ ಜೈಲ್ಸ್ ಕೋರಿಯನ್ನು ಮೈಮೇಲೆ ಕಲ್ಲು ಹೇರಿ ಕೊಂದರು. ಇನ್ನು ಕೆಲವರು ಜೈಲಿನಲ್ಲೇ ಸತ್ತರು. ಪ್ರಾಕ್ಟರ್, ಅಬಿಗೇಲ್ ಇಬ್ಬರೂ ನಿಜವಾಗಿ ಇದ್ದವರು, ಆದರೆ ಅಬಿಗೇಲ್‌ಗೆ ಆಗ ಹನ್ನೊಂದು ಹನ್ನೆರಡು ವರ್ಷ, ಪ್ರಾಕ್ಟರ್‌ಗೆ ಅರವತ್ತರ ಆಸುಪಾಸು. ಅವರ ನಡುವಿನ ಸಂಬಂಧ ಮಿಲ್ಲರ್ ಅವರ ಕಲ್ಪನೆ, ಅದಕ್ಕಾಗಿಯೇ ಇಬ್ಬರ ವಯಸ್ಸನ್ನೂ ಬದಲಿಸಿದರು. ಎಲಿಜಬೆತ್ ಬಸುರಿಯಾಗಿದ್ದುದರಿಂದ ಬದುಕುಳಿದದ್ದು ಮಾತ್ರ ನಿಜ. ನ್ಯಾಯಾಧೀಶರಲ್ಲಿ ಒಬ್ಬರಾದ ಸ್ಯಾಮ್ಯುಯೆಲ್ ಸ್ಯೂವಲ್ 1697ರಲ್ಲಿ ಚರ್ಚಿನಲ್ಲಿ ಎಲ್ಲರೆದುರು ತಪ್ಪೊಪ್ಪಿಕೊಂಡರು.