ತಾರಸಿಯೋ, ಹಿತ್ತಿಲೋ, ಹೆಬ್ರಿಯ ತೋಟವೋ: ಉಡುಪಿಯಲ್ಲಿ ಟೆಲಿಸ್ಕೋಪ್ ಗೂಡಿಗೆ ಜಾಗ

ನೀವು ಕೇಳಿದ್ದು ಇಷ್ಟು: ಎಂಟು ಇಂಚಿನ ಕನ್ನಡಿ ಟೆಲಿಸ್ಕೋಪ್ ಇದೆ, ಪ್ರತಿ ರಾತ್ರಿ ಹೊತ್ತು ತಂದು ಜೋಡಿಸಿ ಸಾಕಾಗಿದೆ, ಖಾಯಂ ಗೂಡೊಂದು ಕಟ್ಟಬೇಕು. ಜಾಗ ಮೂರು: ಉಡುಪಿ ಪೇಟೆಯಿಂದ ಆರು ಕಿಲೋಮೀಟರ್ ದೂರದ ಮನೆಯ ತಾರಸಿ, ಅದೇ ಮನೆಯ ದಕ್ಷಿಣಕ್ಕಿರುವ ಹಿತ್ತಿಲು, ಇಲ್ಲವೇ ಹೆಬ್ರಿ ಹತ್ತಿರದ ಅಜ್ಜಿಮನೆ ತೋಟ. ಹಿತ್ತಿಲಿನಿಂದ ಧ್ರುವ ನಕ್ಷತ್ರ ಕಾಣುವುದಿಲ್ಲ, ಮನೆಯೇ ಅಡ್ಡ ಬರುತ್ತದೆ, ಹಾಗಾಗಿ ತಾರಸಿಯೇ ಗತಿಯೇನೋ ಅನ್ನುವುದು ನಿಮ್ಮ ಅನುಮಾನ.

ತಾರಸಿ ಬೇಡ ಮಾರಾಯ್ರೆ. ಧ್ರುವ ಕಾಣದಿದ್ದರೂ ಅಡ್ಡಿಯಿಲ್ಲ, ಹಿತ್ತಿಲಲ್ಲೇ ಕಟ್ಟಿ.

ತಾರಸಿಯ ಪಾಡು ನಾನು ಪಟ್ಟದ್ದು. 2019ರ ಡಿಸೆಂಬರ್ 26ರ ಕಂಕಣ ಗ್ರಹಣವನ್ನು ಮಂಗಳೂರಿನಲ್ಲಿ ನೋಡಿದ ಮೇಲೆ ಹಿಡಿದ ಹುಚ್ಚು ನನ್ನದು. ಕಟಪಾಡಿ ಹತ್ತಿರದ ನಮ್ಮ ಮನೆಯ ತಾರಸಿ ಮೇಲೆ, ಮೂಲೆಯಲ್ಲಿ, ಸಿಮೆಂಟ್ ಕಂಬ ಕಟ್ಟಿಸಿದೆ. ಮೊದಲ ದಿನ ಗುರುಗ್ರಹವನ್ನು 150 ಪಟ್ಟು ಹಿಗ್ಗಿಸಿ ನೋಡುತ್ತಿದ್ದೆ. ಪಟ್ಟೆಗಳು ಈಗ ಸ್ಪಷ್ಟವಾದವು ಅನ್ನುವಷ್ಟರಲ್ಲಿ ಇಡೀ ಗ್ರಹ ಗಡಗಡ ಅಲುಗಿತು. ಕೆಳಗೆ ಅಮ್ಮ ನಾಳೆಯ ದೋಸೆಗೆ ಗ್ರೈಂಡರ್ ಹಾಕಿದ್ದರು. ಅದು ನಿಂತ ಮೇಲೆ ತಮ್ಮ ಮೆಟ್ಟಿಲು ಹತ್ತಿ ಬಂದ. ಒಂದೊಂದು ಹೆಜ್ಜೆಗೂ ಗುರುವಿನ ನಾಲ್ಕು ಉಪಗ್ರಹಗಳು ಗೆರೆ ಎಳೆದ ಹಾಗೆ ಕುಣಿದವು. ಕಾಂಕ್ರೀಟ್ ಚಪ್ಪಡಿ ಕಣ್ಣಿಗೆ ಗಟ್ಟಿ, ಟೆಲಿಸ್ಕೋಪಿಗೆ ಅದು ತಮಟೆಯ ಚರ್ಮ.

ಅದಕ್ಕಿಂತ ದೊಡ್ಡ ತೊಂದರೆ ಬಿಸಿ. ಹಗಲೆಲ್ಲ ಬಿಸಿಲು ಕುಡಿದ ಚಪ್ಪಡಿ ರಾತ್ರಿ ಹತ್ತು ಹನ್ನೊಂದರವರೆಗೂ ಕಾವು ಬಿಡುತ್ತಲೇ ಇರುತ್ತದೆ. ಮೇಲೇಳುವ ಆ ಗಾಳಿಯ ಮೂಲಕ ನೋಡಿದರೆ ಶನಿಯ ಬಳೆ ಒಲೆಯ ಮೇಲಿನ ಗಾಳಿಯಾಚೆ ಕಂಡ ಹಾಗೆ ಕದಡುತ್ತದೆ. ಹುಲ್ಲು, ಮಣ್ಣು, ಗದ್ದೆ ಬೇಗ ತಣಿಯುತ್ತವೆ. ತಾರಸಿಯ ಲಾಭ ಒಂದೇ, ಮರಗಳ ಮೇಲಿಂದ ದಿಗಂತ ಸಿಗುತ್ತದೆ. ಆದರೆ ನಮ್ಮ ಕಡೆ ಮಳೆಗೆ ಹೆದರಿ ಎಲ್ಲರೂ ತಾರಸಿ ಮೇಲೆ ಶೀಟ್ ಹಾಕಿಸುತ್ತಾರಲ್ಲ, ನಿಮ್ಮ ಮನೆಯವರು ಇವತ್ತಲ್ಲ ನಾಳೆ ಅದನ್ನು ಕೇಳಿಯೇ ಕೇಳುತ್ತಾರೆ.

ಈಗ ಧ್ರುವದ ವಿಷಯ. ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಮೌಂಟಿನ ಅಕ್ಷ ಧ್ರುವದ ಕಡೆ ನೆಟ್ಟಿದ್ದರೆ ಮಾತ್ರ ಅದು ನಕ್ಷತ್ರಗಳ ಜೊತೆ ಸರಿಯಾಗಿ ಸರಿಯುತ್ತದೆ. ಪುಸ್ತಕ, ವಿಡಿಯೋಗಳೆಲ್ಲ ಉತ್ತರ ದಿಕ್ಕು ತೆರೆದಿರಲಿ ಎನ್ನುತ್ತವೆ. ಅವನ್ನು ಮಾಡಿದವರು ಹೆಚ್ಚಿನವರು 40, 50 ಡಿಗ್ರಿ ಅಕ್ಷಾಂಶದವರು, ಅವರಿಗೆ ಧ್ರುವ ಅರ್ಧ ಆಕಾಶ ಮೇಲಿರುತ್ತದೆ. ಉಡುಪಿ ಇರುವುದು 13 ಡಿಗ್ರಿ ಚಿಲ್ಲರೆಯಲ್ಲಿ. ಧ್ರುವ ಇಲ್ಲಿ ದಿಗಂತದಿಂದ ಅಷ್ಟೇ ಎತ್ತರ, ಅಂದರೆ ಕೈ ನೀಟಾಗಿ ಚಾಚಿ ಹಿಡಿದ ಮುಷ್ಟಿಗಿಂತ ಸ್ವಲ್ಪ ಹೆಚ್ಚು. ಕರಾವಳಿಯಲ್ಲಿ ಆ ಎತ್ತರದಲ್ಲಿ ಧ್ರುವ ಕಾಣಬೇಕಾದರೆ ಊರಿನ ತೆಂಗೆಲ್ಲ ಕಡಿಯಬೇಕು. ಉತ್ತರದ ಕೆಳಗಿನ 20 ಡಿಗ್ರಿ ಹೋದರೆ ನೀವು ಕಳೆದುಕೊಳ್ಳುವುದು ತೀರಾ ಕಡಿಮೆ. ಸಪ್ತರ್ಷಿ ಮಂಡಲ ಹೇಗೂ ಮೇಲೆ ಬರುತ್ತದೆ.

ದಕ್ಷಿಣ ಹೋದರೆ ಮಾತ್ರ ನಷ್ಟವೇ. ಅಗಸ್ತ್ಯ ನಕ್ಷತ್ರ ನಮ್ಮಲ್ಲಿ ಹೆಚ್ಚೆಂದರೆ 24 ಡಿಗ್ರಿ ಏರುತ್ತದೆ, ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ 29, ಆಲ್ಫಾ ಸೆಂಟಾರಿ 16. ಯುರೋಪಿನವರು ಇದಕ್ಕಾಗಿ ವಿಮಾನ ಹತ್ತುತ್ತಾರೆ. ವೈನು ಬಪ್ಪು ವೀಕ್ಷಣಾಲಯ ಇರುವ ತಮಿಳುನಾಡಿನ ಕವಲೂರಿನ ಅಕ್ಷಾಂಶವೂ ಹೆಚ್ಚುಕಡಿಮೆ ನಮ್ಮದೇ, ಹನ್ನೆರಡೂವರೆ ಡಿಗ್ರಿ. ದಕ್ಷಿಣದ ಆಕಾಶವೂ ಸಿಗುತ್ತದೆ ಅನ್ನುವುದು ಆ ಜಾಗದ ದೊಡ್ಡ ಗುಣ. ನಮ್ಮ ಮನೆಯ ವಾಸ್ತು ನೋಡಿದವರು ಈಶಾನ್ಯ ಖಾಲಿ ಬಿಡಿ ಎಂದಿದ್ದರು. ನಾನು ಅದರ ಜೊತೆಗೆ ದಕ್ಷಿಣವನ್ನೂ ಖಾಲಿ ಬಿಟ್ಟೆ, ಈಗಲೂ ಅವರಿಗೆ ಬೇಸರ ಇದೆ.

ಧ್ರುವ ಕಾಣದೆ ಮೌಂಟಿನ ಅಕ್ಷ ಹೊಂದಿಸುವುದು ಹೇಗೆ? ದಿಕ್ಸೂಚಿಯಿಂದ ಅಂದಾಜು ಉತ್ತರ ಹಿಡಿದು, ಅಕ್ಷವನ್ನು 13 ಡಿಗ್ರಿಗೆ ಓರೆ ಮಾಡಿ. ಆಮೇಲೆ ಮಹಾವ್ಯಾಧನ (ಓರಿಯನ್) ನಡುಪಟ್ಟಿಯ ನಕ್ಷತ್ರವೊಂದು ದಕ್ಷಿಣೋತ್ತರ ರೇಖೆಗೆ ಬಂದಾಗ ಮೋಟಾರು ಓಡಿಸಿ ಗುರಿ ಹಿಡಿಯಿರಿ. ಅದು ಉತ್ತರಕ್ಕೋ ದಕ್ಷಿಣಕ್ಕೋ ಜಾರಿದರೆ ಅಕ್ಷ ಎಡಬಲಕ್ಕೆ ತಪ್ಪಿದೆ ಎಂದರ್ಥ. ಅದನ್ನು ಸರಿಮಾಡಿ, ಪೂರ್ವದಲ್ಲಿ ಕೆಳಗಿರುವ ನಕ್ಷತ್ರ ಹಿಡಿದು ಇದೇ ಆಟ ಆಡಿದರೆ ಎತ್ತರದ ತಪ್ಪು ಗೊತ್ತಾಗುತ್ತದೆ. ನನಗೆ ಎರಡು ರಾತ್ರಿ ಹಿಡಿಯಿತು. ಖಾಯಂ ಕಂಬವಾದ್ದರಿಂದ ಒಮ್ಮೆ ಮಾಡಿದರೆ ಮುಗಿಯಿತು. ಒಂದು ಎಚ್ಚರಿಕೆ: ಕೊಳ್ಳುವ ಮೊದಲೇ ಮೌಂಟ್ 13 ಡಿಗ್ರಿಗೆ ಇಳಿಯುತ್ತದೆಯೇ ನೋಡಿ. ನನ್ನದರ ಪಟ್ಟಿ 20ಕ್ಕೇ ಮುಗಿಯುತ್ತಿತ್ತು, ಉಳಿದ ಏಳು ಡಿಗ್ರಿಗೆ ಲೇತ್ ಅಂಗಡಿಯಲ್ಲಿ ಓರೆ ತಟ್ಟೆ ಮಾಡಿಸಿ ಅಡಿಗೆ ಇಟ್ಟೆ. ಇಷ್ಟು ಮಲಗಿದ ಅಕ್ಷದಲ್ಲಿ ಪ್ರತಿತೂಕದ ಗುಂಡು ಕಂಬಕ್ಕೆ ತಾಗುವುದೂ ಉಂಟು, ಕಂಬದ ತಲೆ ಸಪೂರ ಇರಲಿ.

ಹಿತ್ತಿಲಿನಲ್ಲಿ ಎಲ್ಲಿ? ತಗ್ಗಿನ ಬೈಲು, ನಡುವಿನ ಮಜಲು, ಎತ್ತರದ ಬೆಟ್ಟು ಎಂದು ಹಿರಿಯರು ಜಾಗ ವಿಂಗಡಿಸಿದ್ದು ಭತ್ತಕ್ಕೆ, ಆದರೆ ನಕ್ಷತ್ರಕ್ಕೂ ಅದೇ ಲೆಕ್ಕ. ರಾತ್ರಿ ತಣಿದ ಭಾರದ ಗಾಳಿ ಬೈಲಿಗೆ ಇಳಿದು ನಿಲ್ಲುತ್ತದೆ, ಡಿಸೆಂಬರ್ ಜನವರಿಯಲ್ಲಿ ಇಬ್ಬನಿಯೂ ಮಂಜೂ ಅಲ್ಲೇ ಹೆಚ್ಚು. ಹಿತ್ತಿಲಿನಲ್ಲಿ ಒಂದೆರಡು ಅಡಿ ಎತ್ತರದ ಬೆಟ್ಟಿನ ಭಾಗ ಇದ್ದರೆ ಅದನ್ನೇ ಹಿಡಿಯಿರಿ. ಮುರಕಲ್ಲು (ಜಂಬಿಟ್ಟಿಗೆ) ಸಿಗುವ ತನಕ ಅಗೆಯಿರಿ, ಕಂಬ ಅಲ್ಲಿಂದಲೇ ಏಳಲಿ. ಹೆಜ್ಜೆಯ ಅದುರು ಕಂಬಕ್ಕೆ ತಲುಪದ ಹಾಗೆ, ಗೂಡಿನ ನೆಲಕ್ಕೂ ಕಂಬಕ್ಕೂ ನಡುವೆ ಸುತ್ತ ಒಂದು ಇಂಚು ಸಂದು ಬಿಡಿಸಿ. ನಮ್ಮ ಮೇಸ್ತ್ರಿ ನಾನಿಲ್ಲದ ಹೊತ್ತು "ಚಂದ ಕಾಣುವುದಿಲ್ಲ" ಅಂತ ಅದನ್ನು ಸಿಮೆಂಟಿನಿಂದ ತುಂಬಿಸಿಬಿಟ್ಟಿದ್ದರು, ಉಳಿ ಹಿಡಿದು ಒಡೆದೆ.

ದಕ್ಷಿಣದ ಗಡಿಯಲ್ಲಿ ತೆಂಗು ಇದೆ ಎಂದಿರಿ. 18 ಮೀಟರ್ ಎತ್ತರದ ಮರ 40 ಮೀಟರ್ ದೂರದಲ್ಲಿದ್ದರೆ ಸುಮಾರು 24 ಡಿಗ್ರಿ ಮುಚ್ಚುತ್ತದೆ. ಬಿಡಿ ಮರವಾದರೆ ಕಡಿಯಬೇಡಿ, ಒಂದು ಗಂಟೆ ಕಾದರೆ ನಕ್ಷತ್ರವೇ ಸರಿದು ಬರುತ್ತದೆ. ಸಾಲು ಮರವಾದರೆ ಗೂಡನ್ನು ಇನ್ನಷ್ಟು ಉತ್ತರಕ್ಕೆ, ಮನೆಯ ಕಡೆಗೆ ತನ್ನಿ. ಯಾವ ಕಾರಣಕ್ಕೂ ಮರದ ಬುಡದಲ್ಲಿ ಬೇಡ. ಮಡಲು ಬಿದ್ದರೆ ಶೀಟ್ ಹೋಗುತ್ತದೆ, ಕಾಯಿ ಬಿದ್ದರೆ ತಲೆ.

ಛಾವಣಿ ಹಳಿಯ ಮೇಲೆ ಉತ್ತರಕ್ಕೆ ಜಾರಲಿ. ಹೇಗೂ ಬಿಟ್ಟುಕೊಟ್ಟ ದಿಕ್ಕು, ತೆರೆದ ಛಾವಣಿ ಅಲ್ಲಿ ನಿಂತರೆ ನಷ್ಟವಿಲ್ಲ. ದಕ್ಷಿಣದ ಗೋಡೆ ತಗ್ಗಾಗಿರಲಿ. ನೈಋತ್ಯದ ಮಳೆಗಾಳಿಗೆ ನಾಲ್ಕೂ ಮೂಲೆಗೆ ಕೊಂಡಿ ಬೇಕೇ ಬೇಕು, ಏಪ್ರಿಲ್ ಕೊನೆಯ ಗುಡುಗು ಮಳೆಗೂ. ಜೂನ್ ಬರುವ ಮೊದಲು ಟೆಲಿಸ್ಕೋಪ್ ಮನೆಯೊಳಗೆ ಬರಬೇಕು. ಮೊದಲ ಮಳೆಗಾಲ ನಾನು ಗೂಡಲ್ಲೇ ಬಿಟ್ಟೆ. ಅಕ್ಟೋಬರಿನಲ್ಲಿ ಮುಚ್ಚಳ ತೆಗೆದರೆ ಐಪೀಸಿನ (ಕಣ್ಣಿಡುವ ಮಸೂರದ) ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಬೂಸ್ಟು. ಈಗ ಗಾಳಿಯಾಡದ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್. ಸಮುದ್ರ ಮೂರ್ನಾಲ್ಕು ಕಿಲೋಮೀಟರಿನಲ್ಲಿದ್ದರೆ ಉಪ್ಪುಗಾಳಿಗೆ ಕಬ್ಬಿಣದ ಗಾಲಿ ತುಕ್ಕು ಹಿಡಿಯುತ್ತದೆ, ನೈಲಾನ್ ಹಾಕಿಸಿ.

ಹೆಬ್ರಿಯ ಕತ್ತಲೆಗೆ ನಾನೂ ಆಸೆಪಡುತ್ತೇನೆ. ನಿಮ್ಮ ಮನೆಯಲ್ಲಿ ಮಣಿಪಾಲದ ದಿಕ್ಕು ರಾತ್ರಿಯೆಲ್ಲ ಬೆಳ್ಳಗಿರುತ್ತದೆ, ಅಲ್ಲಿ ಹಾಗಿಲ್ಲ. ಆದರೆ ಪೂರ್ವಕ್ಕೆ ಘಟ್ಟ ಗೋಡೆಯಾಗಿ ನಿಂತಿದೆ, ಅಡಿಕೆ ತೋಟದೊಳಗೆ ಆಕಾಶವೇ ಇಲ್ಲ, ಬೀಗ ಹಾಕಿದ ಗೂಡಿಗೆ ಕಾವಲು ಯಾರು? ಅಲ್ಲಿ ಅಂಗಳದಲ್ಲಿ ಒಂದು ಬರಿಯ ಕಂಬ ನೆಟ್ಟು ಬನ್ನಿ, ಅಮಾವಾಸ್ಯೆಗೆ ಟೆಲಿಸ್ಕೋಪ್ ಒಯ್ದರಾಯಿತು. ಉಳಿದ ರಾತ್ರಿಗಳಿಗೆ ಮನೆ ಹಿಂದಿನ ಗೂಡೇ. ನಸುಕಿನ ಮೂರೂವರೆಗೆ ಎಚ್ಚರವಾದಾಗ ಲುಂಗಿ ಬಿಗಿದುಕೊಂಡು ಹತ್ತು ಹೆಜ್ಜೆ ನಡೆದರೆ ಮಾರ್ಚ್ ತಿಂಗಳಲ್ಲಿ ಧನು ರಾಶಿಯ ಹಾಲುಹಾದಿ ಸಿಗುತ್ತದೆ. ಸಂಜೆಗೆ ಅದು ಬರುವ ಹೊತ್ತಿಗೆ ನಮ್ಮಲ್ಲಿ ಮಳೆಗಾಲ.

ಪಕ್ಕದ ಮನೆಯ ಕಾಂಪೌಂಡ್ ದೀಪಕ್ಕೆ ಜಗಳ ಬೇಡ, ಬೆಳಕು ಕೆಳಗೆ ಮಾತ್ರ ಬೀಳುವ ಮುಚ್ಚಳದ ದೀಪ ನೀವೇ ತಂದುಕೊಡಿ. ಯಕ್ಷಗಾನ ಬಯಲಾಟ, ಭೂತಕೋಲಗಳ ಕಾಲವೂ ನಮ್ಮ ಕಾಲವೂ ಒಂದೇ, ನವೆಂಬರಿನಿಂದ ಮೇವರೆಗೆ. ಹತ್ತಿರದ ಗದ್ದೆಯಲ್ಲಿ ಆಟ ಇದ್ದ ರಾತ್ರಿ ನಾನು ಛಾವಣಿ ಮುಚ್ಚಿ ಆಟಕ್ಕೇ ಹೋಗುತ್ತೇನೆ.

ಗುಂಡಿ ತೋಡುವ ಮೊದಲು ಒಂದು ಕೆಲಸ ಮಾಡಿ. ಏಪ್ರಿಲ್ ಮಧ್ಯದಲ್ಲಿ ರಾತ್ರಿ ಹನ್ನೊಂದೂವರೆಗೆ ಹಿತ್ತಿಲಲ್ಲಿ ಕುರ್ಚಿ ಹಾಕಿ ಕುಳಿತು ದಕ್ಷಿಣದ ತಗ್ಗಿನಲ್ಲಿ ಬರುವ ತ್ರಿಶಂಕು ನಕ್ಷತ್ರಪುಂಜ ಎಲ್ಲಿಂದ ಕಾಣುತ್ತದೆ ನೋಡಿ, ಕಾಣುವ ಕಡೆ ಗೂಟ ಹೊಡೆಯಿರಿ. ಗೂಟಕ್ಕೂ ತೆಂಗಿಗೂ ಎಷ್ಟು ಮೀಟರ್ ಬಂತು, ಇಲ್ಲೇ ಬರೆಯಿರಿ, ಹಳಿಯ ಉದ್ದ ಲೆಕ್ಕ ಹಾಕಿ ಕೊಡುತ್ತೇನೆ.